ಆಟಿಸಂ ಇರುವ ಮಗುವಿನ ಮನೆಗೆ ಮುಂಬೈಯಲ್ಲಿ ಆಸರೆ ಎಲ್ಲಿದೆ

ಮಗುವಿಗೆ ಆಟಿಸಂ ಇದೆ ಎಂಬ ವರದಿ ಕೈಗೆ ಬಂದ ಕನ್ನಡದ ಕುಟುಂಬಗಳು ಈಗೀಗ ಯಾರಿಂದಲೋ ನಂಬರು ಪಡೆದು ಆಟಿಸಂ ಇರುವ ಮಗನ ತಂದೆ-ತಾಯಿಯಾದ ನನಗೆ ಅಥವಾ ನನ್ನ ಹೆಂಡತಿಗೆ ಫೋನು ಮಾಡುತ್ತಾರೆ. ಡೊಂಬಿವಲಿ, ಮೀರಾ ರೋಡುಗಳಿಂದ, ಒಮ್ಮೊಮ್ಮೆ ಪುಣೆಯ ಪಿಂಪ್ರಿಯಿಂದ. ಎಲ್ಲರೂ ಮೊದಲು ಕೇಳುವುದು, "ಯಾವ ಡಾಕ್ಟರು ಒಳ್ಳೆಯವರು?" ಎಂದೇ. ಡಾಕ್ಟರು ಬೇಕು, ಥೆರಪಿಯೂ ಬೇಕು. ಆದರೆ ನಿಮ್ಮ ಮಗುವಿಗಿಂತ ಮೂರು-ನಾಲ್ಕು ವರ್ಷ ದೊಡ್ಡದಾದ, ಆಟಿಸಂ ಇರುವ ಮಗುವಿನ ತಂದೆ-ತಾಯಿಯ ಪರಿಚಯವನ್ನು ಎಲ್ಲಕ್ಕಿಂತ ಮೊದಲು ಮಾಡಿಕೊಳ್ಳಿ ಎಂದು ನಾನು ಹೇಳುತ್ತೇನೆ. ಯಾವ ಆಸ್ಪತ್ರೆಯಲ್ಲಿ ಯಾವ ವಾರ ವೈಕಲ್ಯದ ಪ್ರಮಾಣಪತ್ರ ಕೊಡುವ ಬೋರ್ಡು ಕೂರುತ್ತದೆ, ಯಾವ ಶಾಲೆಯ ಹೆಡ್‌ಮಿಸ್ಟ್ರೆಸ್ ಮಾತಿಗೆ ನಿಲ್ಲುತ್ತಾರೆ, ಕ್ಷೌರದ ಮಶೀನಿನ ಸದ್ದಿಗೆ ಕಿರುಚುವ ಮಗುವಿನ ಕೂದಲನ್ನು ಮನೆಯಲ್ಲೇ ಕತ್ತರಿಯಿಂದ ಹೇಗೆ ತೆಗೆಯಬೇಕು ಎಂಬುದನ್ನೆಲ್ಲ ಬಲ್ಲವರು ಅವರೇ.

ಅಂಥವರು ಸಿಗುವ ಜಾಗಗಳಿವೆ. ಮುಂಬೈಯಲ್ಲಿ ಪೋಷಕರೇ ನಡೆಸುವ ಫೋರಂ ಫಾರ್ ಆಟಿಸಂ ಇದೆ. 2001ರಲ್ಲಿ ಡಾ. ವಿಭಾ ಕೃಷ್ಣಮೂರ್ತಿಯವರು ಆರಂಭಿಸಿದ ಉಮೀದ್ ಸಂಸ್ಥೆಯಲ್ಲಿ ಮಗುವಿನ ತಪಾಸಣೆಯ ಜೊತೆಗೆ ಕುಟುಂಬಕ್ಕೂ ತರಬೇತಿ ಸಿಗುತ್ತದೆ. ಬಾಂದ್ರಾದಲ್ಲಿ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ಪುಣೆಯವರಿಗೆ ಪ್ರಸನ್ನ ಆಟಿಸಂ ಸೆಂಟರ್, ಗೋವಾದವರಿಗೆ 1996ರಲ್ಲಿ ಶುರುವಾದ ಸಂಗಾತ್ ಇದೆ. ಖರ್ಚಿನ ಚಿಂತೆ ಇರುವವರು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದಲ್ಲಿ ತೆರೆದಿರುವ ಆರಂಭಿಕ ಚಿಕಿತ್ಸಾ ಕೇಂದ್ರಗಳನ್ನೂ ವಿಚಾರಿಸಬೇಕು.

ಇನ್ನೂ ವರದಿಯ ಹಂತಕ್ಕೇ ಬಾರದ ಮನೆಗಳೂ ಇವೆ. "ಗಂಡುಮಕ್ಕಳಿಗೆ ಮಾತು ತಡ, ಅವನ ಅಪ್ಪನೂ ಮೂರು ವರ್ಷಕ್ಕೇ ಮಾತಾಡಿದ್ದು" ಎಂದು ಹಿರಿಯರು ಪ್ರೀತಿಯಿಂದಲೇ ಸಮಾಧಾನ ಹೇಳುತ್ತಾರೆ. ಆದರೆ ಹೆಸರು ಹಿಡಿದು ಕರೆದರೆ ಮಗು ತಿರುಗಿ ನೋಡುತ್ತದೆಯೇ, ಬೇಕಾದುದನ್ನು ಬೆರಳು ಮಾಡಿ ತೋರಿಸುತ್ತದೆಯೇ ಎಂಬುದನ್ನು ಮಾತಿಗೆ ಕಾಯದೆಯೂ ಗಮನಿಸಬಹುದು. 16ರಿಂದ 30 ತಿಂಗಳ ಮಕ್ಕಳಿಗಾಗಿ ಎಂ-ಚಾಟ್ ಎಂಬ 20 ಪ್ರಶ್ನೆಗಳ ಪಟ್ಟಿಯಿದೆ. ಉತ್ತರ ಹೌದು ಅಥವಾ ಇಲ್ಲ, ಅಷ್ಟೇ. ಅದರಿಂದ ಆಟಿಸಂ ಇದೆ ಎಂದು ತೀರ್ಮಾನವಾಗುವುದಿಲ್ಲ. ತಜ್ಞರ ಬಳಿ ಹೋಗಬೇಕೇ ಎಂಬುದಷ್ಟೇ ತಿಳಿಯುತ್ತದೆ. ಮಕ್ಕಳ ಡಾಕ್ಟರರನ್ನು ಕೇಳಿದರೆ ಅವರ ಮುಂದೆಯೇ ತುಂಬಿಸಬಹುದು.

ನಮ್ಮವರ ಮನೆಗಳಲ್ಲಿ ವಿಶೇಷವಾಗಿ ಕಾಡುವ ಪ್ರಶ್ನೆ ಭಾಷೆಯದು. ಮನೆಯಲ್ಲಿ ಕನ್ನಡ ಅಥವಾ ತುಳು, ಕಟ್ಟಡದ ಅಂಗಳದಲ್ಲಿ ಮರಾಠಿ, ಹಿಂದಿ, ಶಾಲೆಯಲ್ಲಿ ಇಂಗ್ಲಿಷು. ಇಷ್ಟು ಭಾಷೆಗಳಿಂದಲೇ ಮಗುವಿಗೆ ಗೊಂದಲವಾಗಿದೆ, ಮನೆಮಾತು ಬಿಟ್ಟು ಇಂಗ್ಲಿಷೊಂದನ್ನೇ ಆಡಿ ಎಂದು ನಮಗೂ ಹೇಳಿದ್ದರು. ನಾವು ಬಿಡಲಿಲ್ಲ, ಏಕೆಂದರೆ ಮಗನನ್ನು ದಿನವಿಡೀ ನೋಡಿಕೊಳ್ಳುವ ನನ್ನ ತಾಯಿಗೆ ಬರುವುದು ಕನ್ನಡ ಒಂದೇ. ಆಟಿಸಂ ಇರುವ ಮಕ್ಕಳ ಮೇಲೆ ನಡೆದ ಅಧ್ಯಯನಗಳಲ್ಲಿಯೂ ಎರಡು ಭಾಷೆಗಳ ನಡುವೆ ಬೆಳೆದುದರಿಂದ ಮಾತು ಹಿಂದೆ ಬೀಳುತ್ತದೆ ಎಂಬುದು ಕಂಡುಬಂದಿಲ್ಲ. ಅಜ್ಜಿಯ ಮಾತನ್ನು ಕಿತ್ತುಕೊಂಡರೆ ಮಗು ಕಳೆದುಕೊಳ್ಳುವುದು ಭಾಷೆಯನ್ನಷ್ಟೇ ಅಲ್ಲ, ಮನೆಯಲ್ಲಿ ಅತಿ ಹೆಚ್ಚು ಹೊತ್ತು ಜೊತೆಗಿರುವ ಜೀವವನ್ನು.

ನನ್ನ ಮಗ ಬಹಳ ಕಾಲ ಆಡುತ್ತಿದ್ದುದು ಲೋಕಲ್ ರೈಲಿನ ಮಾತುಗಳನ್ನೇ. "ಪುಢೀಲ್ ಸ್ಟೇಷನ್ ಮುಲುಂಡ್, ಅಗಲಾ ಸ್ಟೇಷನ್ ಮುಲುಂಡ್, ನೆಕ್ಸ್ಟ್ ಸ್ಟೇಷನ್ ಮುಲುಂಡ್" ಎಂದು ಆ ಹೆಂಗಸಿನ ದನಿಯ ಏರಿಳಿತವನ್ನೂ ಬಿಡದೆ ಹೇಳುತ್ತಿದ್ದ. ಅದು ಅರ್ಥವಿಲ್ಲದ ಪುನರುಚ್ಚಾರವಲ್ಲ, ಯಾವಾಗ ಹೇಳುತ್ತಾನೆಂದು ಬರೆದಿಡಿ ಎಂದು ಸ್ಪೀಚ್ ಥೆರಪಿಸ್ಟ್ ತಿಳಿಸಿದರು. ಬರೆದು ನೋಡಿದಾಗ, ಮನೆಯಿಂದ ಹೊರಗೆ ಹೋಗಬೇಕೆನಿಸಿದಾಗಲೆಲ್ಲ ಅವನು ಅದನ್ನು ಹೇಳುತ್ತಿದ್ದುದು ಗೊತ್ತಾಯಿತು. ಅಂದಿನಿಂದ ನನ್ನ ತಾಯಿ ಅವನು ಹಾಗೆಂದ ಕೂಡಲೇ ಚಪ್ಪಲಿ ತೋರಿಸಿ "ಹೊರಗೆ ಹೋಪನಾ?" ಎನ್ನತೊಡಗಿದರು. ಅವನು ತಾನಾಗಿ ಕೇಳಿದ ಮೊದಲ ಕನ್ನಡದ ಮಾತು ಆ "ಹೋಪನಾ"ವೇ ಆಯಿತು.

ಕನ್ನಡ ಮಾತ್ರ ಕೇಳಿ ಬೆಳೆದ ಮಗುವನ್ನು ಹಿಂದಿಯಲ್ಲಿಯೋ ಇಂಗ್ಲಿಷಿನಲ್ಲಿಯೋ ಪರೀಕ್ಷಿಸಿದರೆ ಅದರ ತಿಳಿವಳಿಕೆ ನಿಜಕ್ಕಿಂತ ಕಡಿಮೆ ಕಾಣುವ ಸಂಭವವಿದೆ. ಆದ್ದರಿಂದ ಮೇ ತಿಂಗಳ ರಜೆಗೆ ಊರಿಗೆ ಹೋಗುವವರು ಮುಂಚಿತವಾಗಿ ವಿಚಾರಿಸಿ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಕನ್ನಡದಲ್ಲಿಯೇ ಮಾತಿನ ತಪಾಸಣೆ ಮಾಡಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ.

ಥೆರಪಿಗೆ ಸೇರಿಸುವ ಮುನ್ನ ಕೇಳಲೇಬೇಕಾದ ಮಾತುಗಳಿವೆ. ಸ್ಪೀಚ್ ಥೆರಪಿಸ್ಟರೂ ಸ್ಪೆಷಲ್ ಎಜುಕೇಟರರೂ ಭಾರತೀಯ ಪುನರ್ವಸತಿ ಮಂಡಳಿಯಲ್ಲಿ, ಅಂದರೆ ಆರ್‌ಸಿಐಯಲ್ಲಿ, ನೋಂದಾಯಿಸಿಕೊಂಡಿರಬೇಕು. ಓ.ಟಿ., ಅಂದರೆ ದಿನನಿತ್ಯದ ಕೆಲಸಗಳನ್ನು ರೂಢಿಸುವ ಆಕ್ಯುಪೇಷನಲ್ ಥೆರಪಿ, ಮಾಡುವವರು ಆ ಪಟ್ಟಿಯಲ್ಲಿ ಬರುವುದಿಲ್ಲ. ಅವರಿಗೆ ಮಹಾರಾಷ್ಟ್ರದಲ್ಲಿ ರಾಜ್ಯದ್ದೇ ಪ್ರತ್ಯೇಕ ಕೌನ್ಸಿಲ್ ಇದೆ. ನೋಂದಣಿ ಸಂಖ್ಯೆ ಕೇಳುವುದು ಅವಮಾನವಲ್ಲ. ಇನ್ನೊಂದು, ಕೋಣೆಯೊಳಗೆ ತಾಯಿ ಅಥವಾ ತಂದೆ ಕೂರಬಹುದೇ ಎಂಬುದು. ನಾವು ಮೊದಲು ಹೋದ ಒಂದು ಕೇಂದ್ರದಲ್ಲಿ ತಿಂಗಳುಗಟ್ಟಲೆಯ ಶುಲ್ಕವನ್ನು ಮುಂಗಡವಾಗಿ ಕಟ್ಟಿಸಿಕೊಂಡು, ಬಾಗಿಲು ಮುಚ್ಚಿ, ಒಳಗೆ ಏನು ನಡೆಯಿತೆಂದು ಎರಡು ಸಾಲು ಬರೆದು ಕೊಡುತ್ತಿದ್ದರು. ಮಗು ವಾರಕ್ಕೆ ಎರಡು ಗಂಟೆ ಅಲ್ಲಿರುತ್ತದೆ, ಉಳಿದ ಹೊತ್ತೆಲ್ಲ ನಮ್ಮ ಬಳಿ. ನಮಗೆ ಕಲಿಸದಿದ್ದರೆ ಆ ಎರಡು ಗಂಟೆಯಿಂದ ಆಗುವುದು ಅಲ್ಪ. ಗೋವಾ ಮತ್ತು ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪಾಸ್ ಎಂಬ ಅಧ್ಯಯನ ಈ ವಿಷಯದಲ್ಲಿ ಧೈರ್ಯ ಕೊಡುತ್ತದೆ. ಅದರಲ್ಲಿ ಮನೆಮನೆಗೆ ಹೋದವರು ತಜ್ಞರಲ್ಲ, ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರು. ತಂದೆ-ತಾಯಿಗಳು ಮಗುವಿನ ಜೊತೆ ಆಡುವ ವಿಡಿಯೊವನ್ನು ಅವರಿಗೇ ತೋರಿಸಿ, ಮಗು ಯಾವಾಗ ಏನು ಹೇಳಲು ಯತ್ನಿಸಿತು, ಅದಕ್ಕೆ ಹೇಗೆ ಸ್ಪಂದಿಸಬಹುದು ಎಂದು ಕಲಿಸಿದರು. ತಂದೆ-ತಾಯಿಯ ಸ್ಪಂದನೆಯೂ, ಮಗು ತಾನಾಗಿ ಸಂವಹನಕ್ಕೆ ತೊಡಗುವುದೂ ಹೆಚ್ಚಿತು.

"ಪೂರ್ತಿ ಗುಣಪಡಿಸುತ್ತೇವೆ" ಎನ್ನುವವರಿಂದ ದಯವಿಟ್ಟು ದೂರವಿರಿ. ಚಿನ್ನ ಅಡವಿಟ್ಟು ಸ್ಟೆಮ್ ಸೆಲ್ ಚಿಕಿತ್ಸೆಗೆ ಹೋದವರನ್ನು ನಾನು ಬಲ್ಲೆ. ಆಟಿಸಂಗೆ ಆ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರಲ್ಲಿಯೇ ಸ್ಪಷ್ಟಪಡಿಸಿದೆ. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಮಾತು ವಾಟ್ಸಾಪಿನಲ್ಲಿ ಇಂದಿಗೂ ಓಡಾಡುತ್ತದೆ. ಅದಕ್ಕೆ ಮೂಲವಾದ 1998ರ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು.

ಪ್ರಮಾಣಪತ್ರದ ವಿಷಯದಲ್ಲಿ ಅನೇಕ ಮನೆಗಳು ಹಿಂಜರಿಯುತ್ತವೆ. ಅಕ್ಕನ ಮದುವೆಗೆ ತೊಡಕಾದೀತು, ಹೆಸರು ಸರ್ಕಾರದ ಪುಸ್ತಕದಲ್ಲಿ ಏಕೆ ಎಂಬ ಭಯ. ಭಯ ಅರ್ಥವಾಗುತ್ತದೆ, ಆದರೆ ಅದಕ್ಕೆ ಮಗು ತೆರುವ ಬೆಲೆ ದೊಡ್ಡದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ವಿಧಗಳಲ್ಲಿ ಆಟಿಸಂ ಒಂದು. ಶೇ. 40ರಷ್ಟಾದರೂ ವೈಕಲ್ಯವಿದೆ ಎಂದು ಪ್ರಮಾಣಪತ್ರದಲ್ಲಿ ನಮೂದಾದರೆ 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲಿ ಅಥವಾ ತಾನು ಬಯಸಿದ ವಿಶೇಷ ಶಾಲೆಯಲ್ಲಿ ಉಚಿತ ಶಿಕ್ಷಣ ಪಡೆಯುವ ಹಕ್ಕಿದೆ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನದು. ಥೆರಪಿಯ ಖರ್ಚಿನ ಒಂದು ಪಾಲೂ ಅದರಲ್ಲಿ ಸೇರುತ್ತದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ, 80ಡಿಡಿ ಎಂದು ಎಲ್ಲರೂ ಗುರುತಿಸುವ ಕಡಿತ 75,000 ರೂಪಾಯಿ, ತೀವ್ರ ಸ್ವರೂಪದ್ದಾದರೆ 1,25,000.

ಪ್ರಮಾಣಪತ್ರಕ್ಕಾಗಿ ಆಟಿಸಂನ ತೀವ್ರತೆ ಅಳೆಯುವುದಕ್ಕೆ ಬಳಸುವ ಭಾರತೀಯ ಮಾಪನ ಐಎಸ್‌ಎಎಯಲ್ಲಿ 40 ಅಂಶಗಳಿವೆ. ಮಗುವನ್ನು ಗಮನಿಸುವುದರ ಜೊತೆಗೆ ತಂದೆ-ತಾಯಿ ಹೇಳುವುದರ ಮೇಲೂ ಅಂಕ ನಿಂತಿರುತ್ತದೆ. ಮಮತೆಯಿಂದ ಮಗುವಿನ ಒಳ್ಳೆಯ ದಿನವನ್ನೇ ವರ್ಣಿಸಿ ಬರುವವರು ಬಹಳ. ಅಲ್ಲಿ ಹೇಳಬೇಕಾದುದು ಸಾಮಾನ್ಯ ದಿನದ ಸಂಗತಿ: ರಾತ್ರಿ ಎಷ್ಟು ಹೊತ್ತು ಮಲಗಿದ, ಊಟಕ್ಕೆ ಏನನ್ನು ಮುಟ್ಟುವುದೇ ಇಲ್ಲ, ಪ್ಲಾಟ್‌ಫಾರಂ ಬದಲಾದರೆ ಏನಾಗುತ್ತದೆ.

ಇಷ್ಟೆಲ್ಲ ಮಾಹಿತಿ ಮರಾಠಿಯಲ್ಲಿ, ಇಂಗ್ಲಿಷಿನಲ್ಲಿ ಹೇಗೋ ಸಿಗುತ್ತದೆ. ಮುಂಬೈಯಲ್ಲಿ ಕುಳಿತು ಕನ್ನಡದಲ್ಲಿ ಕೇಳಿ ತಿಳಿಯುವುದಕ್ಕೆ ಜಾಗವಿಲ್ಲ ಎಂಬುದು ನನ್ನ ನಿಜವಾದ ಕೊರಗು. ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ, ಉಪನಗರಗಳ ಸಣ್ಣ ಸಣ್ಣ ಕನ್ನಡ ಸಂಘಗಳು, ಜಾತಿ ಸಮಾಜಗಳ ಸಭಾಗೃಹಗಳು ನಮ್ಮವೇ. ತಿಂಗಳಿಗೊಂದು ಭಾನುವಾರ, ವೇದಿಕೆ ಹಾರ ಯಾವುದೂ ಬೇಡ, ಒಂದು ಕೋಣೆ ಬಿಟ್ಟುಕೊಟ್ಟರೆ ಹತ್ತಾರು ಮನೆಗಳು ಕೂಡಿ ಮಾತಾಡಿಕೊಳ್ಳಬಹುದು, ಮಕ್ಕಳೂ ಕಿವಿ ಮುಚ್ಚಿಕೊಳ್ಳದೆ ಆಡಬಹುದು.

ಅಲ್ಲಿ ಮೊದಲು ಎತ್ತಿಕೊಳ್ಳಬೇಕಾದ ವಿಷಯ ಹಿರಿಯ ದಂಪತಿಗಳದು. ಮಗನಿಗೋ ಮಗಳಿಗೋ 18 ತುಂಬಿದ ಮೇಲೆ ತಂದೆ-ತಾಯಿ ತಾವಾಗಿಯೇ ಕಾನೂನಿನ ಪಾಲಕರಾಗಿ ಉಳಿಯುವುದಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಂತೆ ಜಿಲ್ಲಾಧಿಕಾರಿ ಸದಸ್ಯರಾಗಿರುವ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಿ ಪಾಲಕತ್ವ ಪಡೆಯಬೇಕು. "ನಾವು ಹೋದಮೇಲೆ ಇವನಿಗೆ ಯಾರು?" ಎಂದು ಫೋನಿನಲ್ಲಿ ಗದ್ಗದಿತರಾಗುವವರಲ್ಲಿ ಎಷ್ಟೋ ಮಂದಿಗೆ ಇಂಥದೊಂದು ಸಮಿತಿ ಇರುವುದೇ ತಿಳಿದಿಲ್ಲ. ನಮ್ಮ ಸಂಘಗಳಲ್ಲಿ ವಕೀಲರಿಗೆ ಕೊರತೆಯಿಲ್ಲ. ಅವರಲ್ಲಿ ಇಬ್ಬರು ಒಂದು ಸಂಜೆ ಕೂತರೆ ಇಂಥ ಹಲವು ಮನೆಗಳ ಅರ್ಜಿಗಳನ್ನು ಅಲ್ಲಿಯೇ ತುಂಬಿಸಿ ಕೊಡಬಹುದು.