ಟ್ರಸ್ ರಾಡ್ ತಿರುಗಿಸುವ ಮೊದಲು ನೆಕ್ ಕೂತಿರುವ ಜಾಗ ನೋಡಿ

ಗಿಟಾರ್ ರಿಪೇರಿ ಕೆಲಸಕ್ಕೆ ಸೇರಿ ಆಗ ಮೂರನೇ ವರ್ಷ. ಮಂಗಳೂರಿನಿಂದ ಒಬ್ಬರು ನಮ್ಮ ಬೆಂಗಳೂರಿನ ಅಂಗಡಿಗೆ ಹಳೆಯ ಅಕೌಸ್ಟಿಕ್ ಗಿಟಾರ್ ತಂದರು. ಅವರ ತಂದೆ ನುಡಿಸುತ್ತಿದ್ದದ್ದಂತೆ, ಈಗ ಮಗಳು ಕಲಿಯುತ್ತಿದ್ದಾಳೆ, ಆದರೆ ತಂತಿ ಒತ್ತಿ ಒತ್ತಿ ಅವಳ ಬೆರಳು ಸುಲಿದುಹೋಗಿದೆ ಎಂದರು. ಅಳತೆ ಮಾಡಿದೆ. ನೆಕ್ ಅಂದರೆ ಗಿಟಾರಿನ ಉದ್ದನೆಯ ಕತ್ತು, ಅದರ ಮೇಲೆ ಅಡ್ಡಡ್ಡ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್. 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿ 4 ಮಿ.ಮೀ. ಎತ್ತರದಲ್ಲಿತ್ತು. ಅಲ್ಲಿ ಎರಡೂವರೆ ಆಸುಪಾಸು ಇದ್ದರೆ ನುಡಿಸಲು ಹಿತ.

ನಾನು ನೆಕ್ ಒಳಗಿರುವ ಲೋಹದ ಸರಳು, ಅಂದರೆ ಟ್ರಸ್ ರಾಡ್ ಬಿಗಿ ಮಾಡಿದೆ. ಸ್ವಲ್ಪ ಇಳಿಯಿತು, ಸಾಲಲಿಲ್ಲ. ಬಾಡಿಯ ಮೇಲೆ ತಂತಿ ಕಟ್ಟುವ ಮರದ ತುಂಡು ಬ್ರಿಜ್, ಅದರಲ್ಲಿ ಕೂತು ತಂತಿಗಳನ್ನು ಎತ್ತಿ ಹಿಡಿಯುವ ಸಣ್ಣ ಪಟ್ಟಿ ಸ್ಯಾಡಲ್. ಆಮೇಲೆ ಆ ಸ್ಯಾಡಲ್ ಬಿಚ್ಚಿ ಅಡಿಯಿಂದ ಉಜ್ಜಿದೆ. 12ನೇ ಫ್ರೆಟ್ಟಿನಲ್ಲಿ 1 ಮಿ.ಮೀ. ಇಳಿಯಬೇಕೆಂದರೆ ಸ್ಯಾಡಲ್‌ನಲ್ಲಿ 2 ಮಿ.ಮೀ. ತೆಗೆಯಬೇಕು, ಯಾಕಂದ್ರೆ 12ನೇ ಫ್ರೆಟ್ ಇರುವುದು ತಂತಿಯ ನಟ್ಟನಡುವೆ. ಹಾಗೆ ಉಜ್ಜುತ್ತಾ ಹೋಗಿ ಕೊನೆಗೆ ಬ್ರಿಜ್ ಮೇಲೆ ಸ್ಯಾಡಲ್ ಉಳಿದದ್ದು 1 ಮಿ.ಮೀ. ಅಷ್ಟೇ. ಆಕ್ಷನ್, ಅಂದರೆ ತಂತಿಯ ಎತ್ತರ, ಸರಿ ಬಂತು, ಅವರು ಖುಷಿಯಿಂದ ಹೋದರು.

ಒಂದು ಮಳೆಗಾಲ ಕಳೆದ ಮೇಲೆ ಗಿಟಾರ್ ವಾಪಸ್ ಬಂತು. ಬಾಡಿ ಕಡೆಯ ಫ್ರೆಟ್‌ಗಳಲ್ಲಿ ತಂತಿ ಮತ್ತೆ ಎತ್ತರ, ಮೊದಲ ಮೂರು ನಾಲ್ಕು ಫ್ರೆಟ್‌ಗಳಲ್ಲಿ ಬಜ್ (ತಂತಿ ಫ್ರೆಟ್ಟಿಗೆ ತಾಗಿ ಬರುವ ಗರಗರ ಸದ್ದು), ಸದ್ದೂ ತೆಳ್ಳಗಾಗಿತ್ತು. ಇಳಿಸೋಣ ಅಂದರೆ ಸ್ಯಾಡಲ್ಲೇ ಉಳಿದಿಲ್ಲ. ನಮ್ಮ ಹಿರಿಯರು ಬಂದು ಉದ್ದನೆಯ ಸ್ಟೀಲ್ ಸ್ಕೇಲನ್ನು ಫ್ರೆಟ್‌ಗಳ ಮೇಲೆ ಇಟ್ಟು ಬ್ರಿಜ್ ಕಡೆಗೆ ಸರಿಸಿದರು. ಅದರ ತುದಿ ಬ್ರಿಜ್ಜಿನ ಮೇಲಂಚಿಗೆ ಹೋಗಿ ತಾಗಬೇಕು. ಇಲ್ಲಿ ಮೇಲಂಚಿಗಿಂತ ಸುಮಾರು 3 ಮಿ.ಮೀ. ಕೆಳಗೆ ಬ್ರಿಜ್ಜಿನ ಮೈಗೆ ಗುದ್ದಿಕೊಂಡಿತು. "ಇದನ್ನ ಮೊದಲ ದಿನವೇ ನೋಡಿದ್ಯೇನಪ್ಪಾ?" ಎಂದು ಕೇಳಿದರು. ನಾನು ನೋಡಿರಲಿಲ್ಲ.

ಟ್ರಸ್ ರಾಡ್ ಅನ್ನು ನಾನು ತಪ್ಪಾಗಿ ತಿಳಿದಿದ್ದೆ. ಅದಕ್ಕಿರುವ ಕೆಲಸ ಒಂದೇ, ತಂತಿಯ ಎಳೆತಕ್ಕೆ ನೆಕ್ ಬಿಲ್ಲಿನ ಹಾಗೆ ಬಾಗದಂತೆ ಹಿಡಿಯುವುದು. 1ನೇ ಮತ್ತು 14ನೇ ಫ್ರೆಟ್ ಒಟ್ಟಿಗೆ ಒತ್ತಿ ಹಿಡಿದರೆ ನಡುವೆ ತಂತಿಯ ಕೆಳಗೆ ವಿಸಿಟಿಂಗ್ ಕಾರ್ಡಿಗಿಂತ ತುಸು ಕಡಿಮೆ ಜಾಗ ಕಾಣಬೇಕು, ಅಷ್ಟಿದ್ದರೆ ರಾಡ್ ಮುಟ್ಟುವುದೇ ಬೇಡ. ಆದರೆ ನೆಕ್ ಬಾಡಿಗೆ ಸೇರುವ ಕೋನವೇ ತಪ್ಪಿದ್ದರೆ ರಾಡ್ ಏನೂ ಮಾಡಲಾರದು. ಲೈಟ್ ಗೇಜ್, ಅಂದರೆ ತೆಳು ತಂತಿಗಳು ಕೂಡ ಆರೂ ಸೇರಿ 70 ಕೆ.ಜಿ.ಗೂ ಜಾಸ್ತಿ ಎಳೆಯುತ್ತವೆ, ಹಗಲೂ ರಾತ್ರಿ, ವರ್ಷಗಟ್ಟಲೆ. ಆ ಎಳೆತಕ್ಕೆ ಬಾಡಿಯೇ ನಿಧಾನವಾಗಿ ಮಡಚಿಕೊಳ್ಳುತ್ತದೆ, ಸೌಂಡ್‌ಹೋಲ್ ಸುತ್ತಲಿನ ಹಲಗೆ ಕುಗ್ಗುತ್ತದೆ, ಬ್ರಿಜ್ ಹಿಂದಿನ ಭಾಗ ಉಬ್ಬುತ್ತದೆ, ನೆಕ್ ಮುಂದಕ್ಕೆ ವಾಲುತ್ತದೆ. ಕರಾವಳಿಯ ಮಳೆಗಾಲದಲ್ಲಿ ಹಲಗೆ ತೇವ ಕುಡಿದು ಇನ್ನಷ್ಟು ಉಬ್ಬುತ್ತದೆ. ನಾನು ರಾಡ್ ಅತಿಯಾಗಿ ಬಿಗಿದು ನೆಕ್ಕನ್ನು ಹಿಂದಕ್ಕೆ ಬಾಗಿಸಿದ್ದೆ, ಅದಕ್ಕೇ ಮೊದಲ ಫ್ರೆಟ್‌ಗಳಲ್ಲಿ ಬಜ್.

ಆ ಗಿಟಾರಿಗೆ ಬೇಕಿದ್ದದ್ದು ನೆಕ್ ರೀಸೆಟ್, ಅಂದರೆ ನೆಕ್ ಬಿಚ್ಚಿ ಕೋನ ಸರಿಮಾಡಿ ಮತ್ತೆ ಕೂರಿಸುವುದು. ಅದರ ಜಾಯಿಂಟ್ ಡವ್‌ಟೇಲ್, ಅಂದರೆ ಪಾರಿವಾಳದ ಬಾಲದ ಹಾಗೆ ಅಗಲವಾದ ಮರದ ನಾಲಿಗೆಯನ್ನು ಬಾಡಿಯ ಒಳಗೆ ಕೂರಿಸಿ ಅಂಟು ಹಾಕಿರುತ್ತಾರೆ. ಮಾರ್ಟಿನ್ ಕಂಪನಿಯ ಹಳೆಯ ಗಿಟಾರ್‌ಗಳಲ್ಲಿ ಇರುವುದೂ ಇದೇ, ಬಡಗಿ ಕೆಲಸವಾಗಿ ನೋಡಿದರೆ ತುಂಬಾ ಚಂದ. ಬಿಚ್ಚುವುದು ಮಾತ್ರ ಕಷ್ಟ. ಒಂದು ಫ್ರೆಟ್ ಕಿತ್ತು, ಸಣ್ಣ ತೂತು ಕೊರೆದು, ಒಳಗೆ ಹಬೆ ಬಿಟ್ಟು ಅಂಟು ಮೆತ್ತಗಾಗುವವರೆಗೆ ಕಾಯಬೇಕು. ಆಮೇಲೆ ಒಂದೆರಡು ದಿನ ಒಣಗಿಸಿ, ಹೀಲ್‌ನ (ನೆಕ್ ಬುಡದ) ಮರವನ್ನು ಉಳಿಯಿಂದ ಕೂದಲೆಳೆಯಷ್ಟು ಕೆತ್ತಿ, ಮತ್ತೆ ಮತ್ತೆ ಕೂರಿಸಿ ನೋಡಬೇಕು. ನಮಗೆ ಎಂಟು ದಿನ ಹಿಡಿಯಿತು. ನಾನು ಹಾಳು ಮಾಡಿದ ಸ್ಯಾಡಲ್ ಬದಲು ಹೊಸದು ಮಾಡಿ ಹಾಕಿದೆವು, ಕೂಲಿ ತೆಗೆದುಕೊಳ್ಳಲಿಲ್ಲ. ಆ ಹುಡುಗಿ ಅಂಗಡಿಯಲ್ಲೇ ಕೂತು ಎಫ್ ಕಾರ್ಡ್ ಹಿಡಿದು ಆರೂ ತಂತಿ ಕೇಳಿಸಿದಾಗ ನನಗಾದ ಸಮಾಧಾನ ಇನ್ನೂ ನೆನಪಿದೆ.

ಅದೇ ತಿಂಗಳು ಬೋಲ್ಟ್ ಹಾಕಿದ ನೆಕ್‌ನ ಗಿಟಾರ್ ಒಂದು ಬಂತು. ಟೇಲರ್ ಕಂಪನಿ 1999ರಲ್ಲಿ ಹೊರತಂದ, ಬಿಲ್ಲೆ ಇಟ್ಟು ಕೋನ ಬದಲಿಸುವ ವಿನ್ಯಾಸ ಅದು. ಬೋಲ್ಟ್ ಬಿಚ್ಚಿ, ಬೇರೆ ದಪ್ಪದ ತೆಳು ಬಿಲ್ಲೆ ಇಟ್ಟು ಮತ್ತೆ ಬಿಗಿದರೆ ಕೋನ ಬದಲಾಗುತ್ತದೆ. ಮಧ್ಯಾಹ್ನ ಊಟಕ್ಕೆ ಮುಂಚೆ ಕೆಲಸ ಮುಗಿದಿತ್ತು! ಡವ್‌ಟೇಲ್‌ನ ಸದ್ದೇ ಬೇರೆ ಎಂದು ವಾದ ಮಾಡುವವರು ಇದ್ದಾರೆ. ಎರಡನ್ನೂ ದಿನವೂ ಕೈಯಲ್ಲಿ ಹಿಡಿಯುವ ನನಗೆ ಅಂಥ ವ್ಯತ್ಯಾಸ ಕೇಳಿಸಿಲ್ಲ. ಇಪ್ಪತ್ತು ವರ್ಷ ಇಟ್ಟುಕೊಳ್ಳುವ ಗಿಟಾರ್ ಎಂದಾದರೆ ನಾನು ಬೋಲ್ಟ್ ಇರುವುದನ್ನೇ ಕೊಳ್ಳಿ ಎನ್ನುತ್ತೇನೆ.

ನೆಕ್ ದಪ್ಪದ ವಿಷಯವೂ ಇದೆ. ಅಂಗಡಿಯಲ್ಲಿ ಹಿಡಿದ ತಕ್ಷಣ ತೆಳು ನೆಕ್ ಹಿತ ಅನ್ನಿಸುತ್ತದೆ, ಆದರೆ ತೆಳುವಾದಷ್ಟೂ ಅದು ಹವೆಗೆ ಬೇಗ ಬಾಗುತ್ತದೆ, ಮಾರ್ಚ್‌ನ ಒಣಹವೆಗೊಮ್ಮೆ ಜುಲೈನ ತೇವಕ್ಕೊಮ್ಮೆ ರಾಡ್ ಮುಟ್ಟಬೇಕಾಗುತ್ತದೆ. ಕಾಲು ಸುತ್ತಿಗಿಂತ ಜಾಸ್ತಿ ಒಂದೇ ಸಲ ತಿರುಗಿಸಬೇಡಿ. ಅಗಲ ನಿಮ್ಮ ಕೈಗೆ ಬಿಟ್ಟದ್ದು: ನಟ್ (ನೆಕ್‌ನ ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಹತ್ತಿರ 43 ಮಿ.ಮೀ. ಇದ್ದರೆ ಕಾರ್ಡ್ ಹಿಡಿಯುವುದು ಸುಲಭ, ಒಂದೊಂದೇ ತಂತಿ ಮೀಟುವವರಿಗೆ 44.5 ಚೆನ್ನ.

ಈಗ ಯಾವ ಗಿಟಾರ್ ಬಂದರೂ ನಾನು ಮೊದಲು ಇಡುವುದು ಸ್ಕೇಲ್. ಅದು ಬ್ರಿಜ್ಜಿನ ಎಲ್ಲಿ ತಾಗಿತು, ಸ್ಯಾಡಲ್ ಎಷ್ಟು ಉಳಿದಿದೆ ಎಂದು ಜಾಬ್ ಕಾರ್ಡಿನ ಮೊದಲ ಸಾಲಿನಲ್ಲೇ ಬರೆದು ಗಿರಾಕಿಗೆ ತೋರಿಸುತ್ತೇನೆ. ಮೂರು ನಾಲ್ಕು ಸಾವಿರದ ಗಿಟಾರ್‌ಗಳಲ್ಲಿ ಹಲವಕ್ಕೆ ಹಬೆಗೆ ಜಗ್ಗದ ಅಂಟು ಹಾಕಿರುತ್ತಾರೆ, ಕೆಲವದರಲ್ಲಿ ರಾಡ್ ಕೂಡ ಇರುವುದಿಲ್ಲ. ಅಂಥದ್ದರ ಕೋನ ತಪ್ಪಿದ್ದರೆ, ಇದಕ್ಕೆ ದುಡ್ಡು ಹಾಕಬೇಡಿ, ಸಣ್ಣ ಗೇಜ್ ತಂತಿ ಹಾಕಿ ಅರ್ಧ ಸ್ವರ ಇಳಿಸಿ ನುಡಿಸಿ ಎಂದು ನೇರವಾಗಿ ಹೇಳಿ ಕಳಿಸುತ್ತೇನೆ.