ಸೊಪ್ಪು ಬಿಡಿ ಅಂದವನು ನಾನೇ

ಮಂಡ್ಯ ಕಡೆ ಮೆಡಿಕಲ್ ಸ್ಟೋರ್ ಇಟ್ಟುಕೊಂಡು ಹದಿನಾಲ್ಕು ವರ್ಷ ಆಯಿತು. ಓದಿದ್ದು ಡಿ.ಫಾರ್ಮ. ಚೀಟಿ ನೋಡಿ ಮಾತ್ರೆ ಕೊಡೋದು, ಊಟಕ್ಕೆ ಮುಂಚೆಯೋ ಆಮೇಲೋ ಅಂತ ಸ್ಟ್ರಿಪ್ ಮೇಲೆ ಪೆನ್ನಲ್ಲಿ ಗೀಚೋದು, ಜೊತೆಗೆ ಒಂದೆರಡು ಪಥ್ಯ ಹೇಳಿ ಕಳಿಸೋದು. ಪಥ್ಯ ಹೇಳೋದು ನಮ್ಮ ಅಂಗಡಿಯವರಿಗೆಲ್ಲ ಒಂದು ಚಟ. ಆ ಚಟದಿಂದ ಒಬ್ಬರಿಗೆ ತೊಂದರೆ ಆದ ಕತೆ ಇದು.

ಐವತ್ತೈದರ ಆಸುಪಾಸಿನ ಒಬ್ಬ ಅಮ್ಮ. ಚಿಕ್ಕಂದಿನಲ್ಲಿ ಗಂಟಲು ನೋವು ಬಂದು, ಆಮೇಲೆ ಕೀಲೆಲ್ಲ ಊದಿಕೊಂಡು, ಜ್ವರ ಹೃದಯದ ವಾಲ್ವ್ ಕೆಡಿಸಿ ಹೋಗಿತ್ತು. ಬೆಂಗಳೂರಿನಲ್ಲಿ ಆಪರೇಷನ್ ಆಗಿ, ಜನ ಮೆಟಲ್ ವಾಲ್ವ್ ಅಂತಾರಲ್ಲ, ಅದನ್ನು ಹಾಕಿದ್ದರು. ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ವಾಲ್ವ್ ಸಿಕ್ಕಿಕೊಳ್ಳಬಹುದು. ಹೆಪ್ಪು ಮೆದುಳಿಗೆ ಹೋದರೆ ಲಕ್ವ. ಹಾಗಾಗಿ ಬದುಕಿರುವ ತನಕ ದಿನಾ ಸಂಜೆ ವಾರ್ಫರಿನ್, ಅಂದರೆ ರಕ್ತ ಹೆಪ್ಪುಗಟ್ಟೋದನ್ನು ತಡೆಯೋ ಮಾತ್ರೆ. ಆಗಾಗ ಪಿಟಿ ಐಎನ್‌ಆರ್ ಟೆಸ್ಟ್, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ನೋಡೋದು. ನಂಬರು ಏರಿದಷ್ಟೂ ಹೆಪ್ಪುಗಟ್ಟೋದು ನಿಧಾನ. ನಮ್ಮ ನಿಮ್ಮಂಥವರಿಗೆ ಐಎನ್‌ಆರ್ 1ರ ಹತ್ತಿರ ಇರುತ್ತೆ. ಇವರದ್ದು 2.5ರಿಂದ 3.5ರ ಒಳಗೆ ಇರಬೇಕು ಅಂತ ಡಾಕ್ಟರ್ ಬರೆದಿದ್ದರು. ಏಳೆಂಟು ತಿಂಗಳಿಂದ ಹಾಗೇ ಇತ್ತು ಕೂಡ.

ಒಂದು ದಿನ ಮಾತ್ರೆ ತಗೊಳ್ಳುವಾಗ ಅವರು ಕೇಳಿದರು. "ಸೊಪ್ಪು ತಿನ್‌ಬೋದೇನಪ್ಪಾ?"

ಕಾಲೇಜಲ್ಲಿ ಓದಿದ್ದು ಥಟ್ಟನೆ ನೆನಪಾಯಿತು. ಸೊಪ್ಪಿನಲ್ಲಿ ವಿಟಮಿನ್ ಕೆ ಜಾಸ್ತಿ, ವಿಟಮಿನ್ ಕೆ ವಾರ್ಫರಿನ್‌ಗೆ ಎದುರು. "ಮುಟ್ಟಲೇ ಬೇಡಿ ಅಮ್ಮ" ಅಂದುಬಿಟ್ಟೆ. ಅವರ ಮುಖ ಸಣ್ಣಗಾಯಿತು. "ಮುದ್ದೆಗೆ ಇನ್ನೇನ್ ಮಾಡಾಣಪ್ಪ, ಬಸ್ಸಾರು ಬಿಟ್ಟು" ಅಂದರು. ಬೇಳೆ ಸಾರು ಮಾಡ್ಕೊಳ್ಳಿ ಅಂದೆ, ದೊಡ್ಡ ಡಾಕ್ಟರ್ ಥರ.

ಮೂರು ವಾರ ಆಗಿತ್ತು ಅನ್ಸುತ್ತೆ. ಅವರ ಮಗ ಬಂದ. "ಅಣ್ಣ, ಅಮ್ಮಂಗೆ ಹಲ್ಲುಜ್ಜುವಾಗ ವಸಡಲ್ಲಿ ರಕ್ತ ಬರ್ತಿದೆ. ಯಾವುದಾದ್ರೂ ಒಳ್ಳೆ ಪೇಸ್ಟ್ ಕೊಡಿ." ಪೇಸ್ಟ್ ಡಬ್ಬ ಕೈಗೆ ತಗೊಂಡಿದ್ದೆ. ಅಷ್ಟರಲ್ಲಿ ಅವನೇ, "ತೋಳಲ್ಲಿ ಅಲ್ಲಲ್ಲಿ ನೀಲಿ ಕಲೆ ಬೇರೆ, ಎಲ್ಲೂ ತಗುಲಿಸ್ಕೊಂಡಿಲ್ಲ" ಅಂದ. ಪೇಸ್ಟ್ ವಾಪಸ್ ಕಪಾಟಿಗೆ ಹೋಯಿತು. ಈಗಲೇ ಕರೆದುಕೊಂಡು ಹೋಗಿ ಟೆಸ್ಟ್ ಮಾಡಿಸು ಅಂದೆ. ಮಧ್ಯಾಹ್ನ ರಿಪೋರ್ಟ್ ಫೋಟೋ ಬಂತು. ಐಎನ್‌ಆರ್ 5.8.

ಡಾಕ್ಟರ್ ಎರಡು ದಿನ ಮಾತ್ರೆ ನಿಲ್ಲಿಸಿ, ಮೂರನೇ ದಿನ ಮತ್ತೆ ಟೆಸ್ಟ್ ಅಂದರು. ವಿಟಮಿನ್ ಕೆ ಇಂಜೆಕ್ಷನ್ ಕೊಡಲಿಲ್ಲ. ವಾಲ್ವ್ ಇರುವವರಿಗೆ ಒಂದೇ ಸಲ ಐಎನ್‌ಆರ್ ಇಳಿದು ಹೋದರೆ ಅದೂ ಅಪಾಯವೇ. ಆಮೇಲೆ ನನಗೆ ಫೋನ್ ಮಾಡಿ ಕೇಳಿದರು. ಬೇರೆ ಏನಾದರೂ ಮಾತ್ರೆ ಕೊಟ್ಟಿದ್ರಾ? ಇಲ್ಲ ಸಾರ್. ಊಟದಲ್ಲಿ ಏನಾದರೂ ಬದಲಾಯ್ತಾ? ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದೆ. ಸೊಪ್ಪು ಬಿಡಿಸಿದ್ದು ನಾನೇ ಸಾರ್.

ಅವರು ಬೈಯಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಆವತ್ತು ರಾತ್ರಿ ಹಳೇ ನೋಟ್ಸ್ ತೆಗೆದು ಕೂತೆ. ಪರೀಕ್ಷೆಗೆ ಉರು ಹೊಡೆದಿದ್ದ ಚಿತ್ರ ಆಗ ಅರ್ಥ ಆಯಿತು. ಲಿವರ್ ಕೋಶಗಳು ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಯಾರಿಸುತ್ತವೆ. ಅದರಲ್ಲಿ 2, 7, 9, 10 ನಂಬರಿನವಕ್ಕೆ ಕೋಶದಿಂದ ಹೊರಗೆ ಬರುವ ಮುಂಚೆ ಒಂದು ಕೆಲಸ ಬಾಕಿ ಇರುತ್ತೆ. ಅವುಗಳಲ್ಲಿ ಗ್ಲುಟಾಮಿಕ್ ಆಮ್ಲ ಇರುವ ಕೆಲವು ಜಾಗದಲ್ಲಿ ಇನ್ನೊಂದು ಕಾರ್ಬಾಕ್ಸಿಲ್ ಗುಂಪು ಕೂರಿಸಬೇಕು. ಕೊಕ್ಕೆ ಕೂರಿಸಿದ ಹಾಗೆ. ಆ ಕೊಕ್ಕೆ ಕ್ಯಾಲ್ಸಿಯಂ ಹಿಡಿಯುತ್ತೆ, ಕ್ಯಾಲ್ಸಿಯಂ ಸಿಕ್ಕಿದರೇ ಗಾಯ ಆದ ಕಡೆ ಪ್ಲೇಟ್‌ಲೆಟ್ ಮೇಲೆ ಹೋಗಿ ಅಂಟಿಕೊಳ್ಳೋಕೆ ಆಗೋದು. ಕೊಕ್ಕೆ ಇಲ್ಲದ ಪ್ರೋಟೀನು ರಕ್ತದಲ್ಲಿ ಸುಮ್ನೆ ತೇಲಾಡುತ್ತೆ.

ಕೊಕ್ಕೆ ಕೂರಿಸೋಕೆ ವಿಟಮಿನ್ ಕೆ ಬೇಕು. ಒಂದು ಕೊಕ್ಕೆ ಕೂರಿಸಿದ ಕೂಡಲೇ ಆ ಅಣು ಬಳಸಿ ಮುಗಿದ ರೂಪಕ್ಕೆ ಹೋಗುತ್ತೆ. ಅದಕ್ಕೆ ಎಪಾಕ್ಸೈಡ್ ಅಂತ ಹೆಸರು. ವಿಕೆಒಆರ್ ಅನ್ನುವ ಎನ್‌ಜೈಮ್ ಅದನ್ನು ಮತ್ತೆ ಕೆಲಸಕ್ಕೆ ಬರೋ ರೂಪಕ್ಕೆ ತರುತ್ತೆ. ಬಾವಿಯ ಕೊಡದ ಹಾಗೆ. ರಾಟೆ ತಿರುಗುತ್ತಿದ್ದರೆ ಒಂದೇ ಕೊಡದಲ್ಲಿ ನೂರು ಸಲ ನೀರು ಸೇದಬಹುದು. ವಾರ್ಫರಿನ್ ಹೋಗಿ ಹಿಡಿಯೋದು ಈ ರಾಟೆಯನ್ನು, ಅಂದರೆ ವಿಕೆಒಆರ್ ಅನ್ನು. ಪೂರ್ತಿ ನಿಲ್ಲಿಸಲ್ಲ, ನಿಧಾನ ಮಾಡುತ್ತೆ. ಆಗ ಮನೆ ನಡೆಯೋದು ಹೊರಗಿಂದ ಬರುವ ತುಂಬಿದ ಕೊಡಗಳ ಮೇಲೆ. ಆ ಕೊಡ ಬರೋದು ಊಟದ ತಟ್ಟೆಯಿಂದ.

ಈ ಅಮ್ಮ ವಾರಕ್ಕೆ ನಾಲ್ಕು ದಿನ ದಂಟು, ಹರಿವೆ, ಬೆರಕೆ ಸೊಪ್ಪಿನ ಬಸ್ಸಾರು ಉಣ್ಣುತ್ತಿದ್ದವರು. ಬೆಂಗಳೂರಿನ ಡಾಕ್ಟರು ಎಷ್ಟು ಮಿಲಿಗ್ರಾಂ ಅಂತ ತೂಗಿ ನೋಡಿದ್ದೇ ಆ ಬಸ್ಸಾರಿನ ಸಮೇತ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯಲ್ಲಿ 100 ಗ್ರಾಂ ಹಸಿ ಪಾಲಕ್‌ಗೆ ಸುಮಾರು 480 ಮೈಕ್ರೋಗ್ರಾಂ ವಿಟಮಿನ್ ಕೆ ಇದೆ, ಟೊಮೇಟೊಗೆ 8ರಷ್ಟು. ನಾನು ಒಂದೇ ಮಾತಿನಲ್ಲಿ ಕೊಡಗಳನ್ನು ಬಂದ್ ಮಾಡಿಸಿದೆ. ಮಾತ್ರೆ ಮಾತ್ರ ಅಷ್ಟೇ ಇತ್ತು. ಮೊದಲು ಹದವಾಗಿದ್ದ ಡೋಸೇ ಈಗ ಜಾಸ್ತಿ ಆಯಿತು.

ಇನ್ನೊಂದು ವಿಷಯವೂ ಆವತ್ತೇ ತಲೆಗೆ ಹೋಯಿತು. ರಕ್ತದಲ್ಲಿ ಈಗಾಗಲೇ ಓಡಾಡುತ್ತಿರುವ, ಕೊಕ್ಕೆ ಇರುವ ಪ್ರೋಟೀನನ್ನು ವಾರ್ಫರಿನ್ ಮುಟ್ಟಲ್ಲ. ಅವು ತಾವಾಗೇ ಸವೆದು ಹೋಗಬೇಕು. 7ನೇದು ಅರ್ಧ ಆಗೋಕೆ ಸುಮಾರು 6 ಗಂಟೆ ಸಾಕು. 2ನೇದಕ್ಕೆ ಎರಡೂವರೆ ದಿನವೇ ಬೇಕು. ಹಾಗಾಗಿ ಇವತ್ತು ತಗೊಂಡ ಮಾತ್ರೆಯ ಪೂರ್ತಿ ಗುಣ ಕಾಣೋಕೆ ನಾಲ್ಕೈದು ದಿನ ಹಿಡಿಯುತ್ತೆ. ನಿನ್ನೆ ತಾನೇ ಡೋಸ್ ಬದಲಾಯಿಸಿ ಇವತ್ತು ಐಎನ್‌ಆರ್ ನೋಡಿ ಗಾಬರಿ ಆಗೋರು ನಮ್ಮಲ್ಲಿ ಎಷ್ಟು ಜನ ಇಲ್ಲ!

ಮಗನಿಗೆ ಇದನ್ನೆಲ್ಲ ಹೇಳಿದಾಗ ಅವನು ಮೊಬೈಲ್ ತೋರಿಸಿದ. "ಅಣ್ಣ, ಇದು ಇಲಿ ಪಾಷಾಣ ಅಂತೆ?" ಸುಳ್ಳಲ್ಲ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವು ತಿಂದ ದನಗಳು ಸಣ್ಣ ಗಾಯಕ್ಕೂ ರಕ್ತ ನಿಲ್ಲದೆ ಸಾಯುತ್ತಿದ್ದವು. 1933ರಲ್ಲಿ ವಿಸ್ಕಾನ್ಸಿನ್‌ನ ಒಬ್ಬ ರೈತ ಸತ್ತ ಕಡಸನ್ನೂ ಹೆಪ್ಪುಗಟ್ಟದ ರಕ್ತವನ್ನೂ ಹೊತ್ತು ಕಾರ್ಲ್ ಪಾಲ್ ಲಿಂಕ್ ಅನ್ನುವವರ ಲ್ಯಾಬಿಗೆ ಹೋದ. ಆ ಮೇವಿನಲ್ಲಿ ಸಿಕ್ಕ ವಸ್ತುವಿನ ಜಾಡು ಹಿಡಿದೇ ವಾರ್ಫರಿನ್ ಮಾಡಿದ್ದು. 1948ರಲ್ಲಿ ಇಲಿಗೆ ಇಟ್ಟರು, 1954ರಲ್ಲಿ ಮನುಷ್ಯರಿಗೆ ಕೊಡೋಕೆ ಒಪ್ಪಿಗೆ ಸಿಕ್ಕಿತು. ಕೇಳಿ ಅವನು ನಕ್ಕ. ಅವರಮ್ಮ ನಗಲಿಲ್ಲ.

ಈಗ ವಾರ್ಫರಿನ್ ಆಗಲಿ, ಅದೇ ಜಾತಿಯ ಅಸಿನೊಕುಮರಾಲ್ ಆಗಲಿ, ತಗೊಳ್ಳೋಕೆ ಬಂದವರಿಗೆ ಪಥ್ಯ ಹೇಳಲ್ಲ. ಏನು ಉಣ್ಣುತ್ತೀರಿ ಅಂತ ಕೇಳುತ್ತೇನೆ. ಸೊಪ್ಪು ತಿನ್ನುವವರು ಯಾವತ್ತಿನಷ್ಟೇ ತಿನ್ನಲಿ. ಒಂದು ವಾರ ಪೂರ್ತಿ ಬಿಟ್ಟು, ಇನ್ನೊಂದು ವಾರ ಹೊಲದಲ್ಲಿ ಸಿಕ್ಕಿತು ಅಂತ ದಿನಾ ತಿಂದರೆ ಎರಡು ಕಡೆಗೂ ಅಪಾಯ. ಲೂಸ್ ಮೋಷನ್‌ಗೆ ಮೆಟ್ರೊನಿಡಜೋಲ್ ಚೀಟಿ ಹಿಡಿದು ಬಂದರೆ, ಮನೇಲಿ ಯಾರಿಗಿದು, ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರಾ ಅಂತ ಕೇಳದೆ ಕೊಡಲ್ಲ. ಆ ಮಾತ್ರೆ ವಾರ್ಫರಿನ್ ಒಡೆಯುವ ಲಿವರ್ ಎನ್‌ಜೈಮನ್ನು ತಡೆಯುತ್ತೆ. ವಾರ್ಫರಿನ್ ಒಳಗೇ ಉಳಿದು ಐಎನ್‌ಆರ್ ಏರುತ್ತೆ. ತಗೊಳ್ತಾರೆ ಅಂದರೆ ಚೀಟಿ ಬರೆದ ಡಾಕ್ಟರಿಗೆ ಒಂದು ಫೋನ್. ಜನಕ್ಕೆ ಕಿರಿಕಿರಿ. "ಏನ್ ಸಾರ್, ಒಂದು ಸ್ಟ್ರಿಪ್‌ಗೆ ಇಷ್ಟೊಂದು ಪ್ರಶ್ನೆ" ಅಂತಾರೆ.

ಆ ಅಮ್ಮ ಈಗಲೂ ಬರುತ್ತಾರೆ. ಐಎನ್‌ಆರ್ ಬರೆದಿಡೋಕೆ ಮೊಮ್ಮಗನ ಹಳೇ ಕಾಪಿ ಪುಸ್ತಕ ಇಟ್ಟುಕೊಂಡಿದ್ದಾರೆ. ತಾರೀಕು, ನಂಬರು, ಪಕ್ಕದಲ್ಲಿ ಆ ವಾರ ಎಷ್ಟು ದಿನ ಸೊಪ್ಪು ಅಂತ ಗೀಟು. ಹೋದ ತಿಂಗಳು ಶ್ರಾವಣ ಶುರುವಾಗುವ ಮುಂಚೆ ಬಂದು ಕೌಂಟರ್ ಮೇಲೆ ಪುಸ್ತಕ ಇಟ್ಟರು. "ಶನಿವಾರ ಶನಿವಾರ ಒಪ್ಪೊತ್ತು ಇರ್ತೀನಿ, ಸೊಪ್ಪು ಕಮ್ಮಿ ಆಯ್ತದೆ. ಈಗ್ಲೇ ಹೇಳ್ಬುಡು ಡಾಕ್ಟ್ರಿಗೆ" ಅಂದರು. ಫೋನ್ ಹಚ್ಚಿ ಅವರ ಕೈಗೇ ಕೊಟ್ಟೆ.