ಮನೆಯಿಂದಲೇ ಟಿಕೆಟ್ ಮಾಡಿಕೊಡುವವರಿಗೆ

ಮೈಸೂರಿನ ನಮ್ಮ ಮನೆಯ ಊಟದ ಮೇಜೇ ನನ್ನ ಟ್ರಾವೆಲ್ ಆಫೀಸು. ಕಾಶಿ, ಶಿರಡಿ ಅಂತ ಬರುವವರು ಮೊದಲು ಕೇಳೋದೇ ರೈಲು ಟಿಕೆಟ್. "ನಿಮ್ಮ ಐಡಿಯಲ್ಲೇ ಮಾಡ್ಕೊಡಿ ಮೇಡಂ, ನೂರು ರೂಪಾಯಿ ಜಾಸ್ತಿ ತಗೊಳ್ಳಿ" ಅಂತಾರೆ. ನಾನು ಒಪ್ಪೋದಿಲ್ಲ. ಸ್ವಂತ ಐಆರ್‌ಸಿಟಿಸಿ ಖಾತೆಯಿಂದ ದುಡ್ಡಿಗೆ ಟಿಕೆಟ್ ಮಾಡಿಕೊಡೋದನ್ನೇ ಕಸುಬು ಮಾಡಿಕೊಂಡರೆ 1989ರ ರೈಲ್ವೆ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ ಅಪರಾಧ: 3 ವರ್ಷದವರೆಗೆ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇ-ಟಿಕೆಟ್ಟಿಗೂ ಇದೇ ಕಾನೂನು ಅಂತ ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ವ್ಯಾಪಾರ ಮಾಡುವುದಾದರೆ ಅಧಿಕೃತ ಏಜೆಂಟ್ ಐಡಿ ಬೇಕೇ ಬೇಕು.

ಪ್ಯಾಕೇಜಿನ ರಸೀದಿಯಲ್ಲಿ ಹೋಟೆಲ್ ಹೆಸರು, ಕ್ಯಾನ್ಸಲ್ ಮಾಡಿದರೆ ಎಷ್ಟು ವಾಪಸ್ ಅನ್ನೋದನ್ನು ನಾನೇ ಬರೆದು ಗಿರಾಕಿಗಳಿಂದ ಸಹಿ ಹಾಕಿಸಿಕೊಳ್ಳುತ್ತೇನೆ. ಹೇಳಿದ ರೂಮು ಸಿಗದಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಅವರು ನನ್ನ ಮೇಲೂ ದೂರು ಕೊಡಬಹುದು, ಹೋಟೆಲ್ಲಿನವರ ಮೇಲಷ್ಟೇ ಅಲ್ಲ.